ನೆಗಡಿಯ ಗುಳಿಗೆಯೂ ಮನಸ್ಸಿನ ಕಾರ್ಮೋಡವೂ

ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿಯು ಘಟ್ಟದ ತಿರುವುಗಳನ್ನು ಮುಗಿಸಿ ತಗ್ಗುನೆಲಕ್ಕೆ ಕಾಲಿಡುವೆಡೆಯಲ್ಲಿ ಸಂಪಾಜೆ ಎಂಬ ಗ್ರಾಮವಿದೆ. ಕೊಡಗಿಗೆ ಇದು ಪಶ್ಚಿಮದ ಹೆಬ್ಬಾಗಿಲು. ಮಗ್ಗುಲಲ್ಲಿ ಪಯಸ್ವಿನಿ ಹೊಳೆ, ಇಕ್ಕೆಲಗಳಲ್ಲಿ ಅಡಕೆ ಮತ್ತು ರಬ್ಬರಿನ ತೋಟಗಳು, ಹಿನ್ನೆಲೆಯಲ್ಲಿ ದಟ್ಟವಾದ ಕಾಡು. ತುಳುನಾಡಿನವರು ಆಟಿಯೆಂದೂ ಕೊಡವರು ಕಕ್ಕಡವೆಂದೂ ಕರೆಯುವ ಮಳೆಯ ತಿಂಗಳಿನಲ್ಲಿ ಇಲ್ಲಿ ಸೂರ್ಯನ ಮುಖವನ್ನು ಕಾಣುವುದೇ ಅಪೂರ್ವ. ಗೋಡೆಗೆ ಬೂಸಲು ಹಿಡಿಯುವುದು. ಮೂಗಿಗೆ ನೆಗಡಿ ಹಿಡಿಯುವುದು. ಕೆಲವರ ಮನಸ್ಸಿಗೂ ಒಂದು ಬಗೆಯ ಮಂಕು ಹಿಡಿಯುವುದು.

ನೆಗಡಿ ಬಂದವನು ಪೇಟೆಯ ಔಷಧದಂಗಡಿಗೆ ಹೋಗಿ ಒಂದು ಗುಳಿಗೆಯನ್ನು ಕೊಂಡು ನುಂಗುವನು. ಮೂಗಿನ ಸೋರಿಕೆ ನಿಲ್ಲುವುದು. ಜೊತೆಗೆ ಒಳ್ಳೆಯ ನಿದ್ದೆಯೂ ಬರುವುದು. ಮನಸ್ಸಿಗೆ ಮಂಕು ಕವಿದವನ ಸ್ಥಿತಿ ಹಾಗಲ್ಲ. ಅವನು ವೈದ್ಯರನ್ನು ಕಾಣಬೇಕು, ಮನದೊಳಗಿನದನ್ನು ಹೇಳಿಕೊಳ್ಳಬೇಕು, ಚೀಟಿಯನ್ನು ಪಡೆಯಬೇಕು. ನೆರೆಹೊರೆಯವರು ಏನೆನ್ನುವರೋ ಎಂಬ ಅಳುಕು ಬೇರೆ. ಹೀಗಿರುವಾಗ ನೆಗಡಿಯ ಗುಳಿಗೆಯೇ ಮನಸ್ಸಿನ ಮಂಕನ್ನೂ ಕಳೆಯುವುದಾದರೆ ಎಷ್ಟು ಸುಲಭ ಎಂಬ ಯೋಚನೆ ಹಲವರಲ್ಲಿ ಮೂಡಿದೆ. ಚೀಟಿಯಿಲ್ಲದೆ ಸಿಗುವ ನೆಗಡಿಯ ಔಷಧವನ್ನು ಖಿನ್ನತೆಗೆ ಪರ್ಯಾಯವಾಗಿ ಬಳಸಬಹುದೆಂಬ ಮಾತು ಲೋಕದ ನಾನಾ ಕಡೆ ಹಬ್ಬಿರುವುದುಂಟು.

ಈ ಯೋಚನೆಯನ್ನು ಹುಚ್ಚುತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಇದರ ಹಿಂದೆ ನಿಜವಾದ ವಿಜ್ಞಾನದ ಒಂದು ಎಳೆ ಇದೆ. ಎಳೆ ಎಲ್ಲಿಯವರೆಗೆ ಗಟ್ಟಿಯಾಗಿದೆ, ಎಲ್ಲಿ ಹರಿಯುತ್ತದೆ ಎಂಬುದನ್ನು ಲೆಕ್ಕಹಾಕಿ ನೋಡುವುದೇ ಈ ಲೇಖನದ ಉದ್ದೇಶ.

೧. ಹಿಸ್ಟಮಿನ್ ಎಂಬ ದೂತ

ನಮ್ಮ ದೇಹದಲ್ಲಿ ಹಿಸ್ಟಮಿನ್ ಎಂಬ ಒಂದು ಚಿಕ್ಕ ಅಣುವಿದೆ. ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಸಂಗಡಿಗರು ೧೯೧೦ರ ಸುಮಾರಿಗೆ ಇದರ ಪ್ರಭಾವಗಳನ್ನು ಮೊದಲು ವಿವರಿಸಿದರು. ಹೂವಿನ ಪರಾಗ, ಬೂಸಲಿನ ಬೀಜಕಣ, ಧೂಳು ಮುಂತಾದುವು ಒಗ್ಗದವನ ಮೂಗನ್ನು ಹೊಕ್ಕಾಗ ಅಲ್ಲಿನ ಕೆಲವು ಕೋಶಗಳು ಈ ವಸ್ತುವನ್ನು ಹೊರಸೂಸುವುವು. ಆಗ ರಕ್ತನಾಳಗಳು ಹಿಗ್ಗುವುವು, ನೀರು ಸೋರುವುದು, ಸೀನು ಬರುವುದು.

ಹಿಸ್ಟಮಿನ್ ತನ್ನ ಕೆಲಸವನ್ನು ನೆರವೇರಿಸಲು ಕೋಶದ ಮೇಲಿರುವ ಒಂದು ಗ್ರಾಹಕಕ್ಕೆ ಅಂಟಿಕೊಳ್ಳಬೇಕು. ಗ್ರಾಹಕವನ್ನು ಬೀಗವೆಂದೂ ಹಿಸ್ಟಮಿನನ್ನು ಕೀಲಿಕೈಯೆಂದೂ ಭಾವಿಸಿದರೆ ವಿಷಯ ಸ್ಪಷ್ಟವಾಗುವುದು. ಬೀಗದ ತೂತಿಗೆ ಹೊಂದಿಕೊಳ್ಳುವ, ಆದರೆ ಅದನ್ನು ತಿರುಗಿಸಲಾರದ ಒಂದು ಸುಳ್ಳು ಕೀಲಿಕೈಯನ್ನು ಮೊದಲೇ ತುರುಕಿದರೆ ನಿಜವಾದ ಕೀಲಿಕೈಗೆ ಪ್ರವೇಶವಿಲ್ಲ. ನೆಗಡಿಯ ಗುಳಿಗೆಯಲ್ಲಿರುವ ಹಿಸ್ಟಮಿನ್‌ವಿರೋಧಿ ಮಾಡುವುದು ಇದನ್ನೇ. ಮೂಗಿಗೆ ಸಂಬಂಧಿಸಿದ ಈ ಬೀಗಕ್ಕೆ ಎಚ್-೧ ಗ್ರಾಹಕವೆಂದು ಹೆಸರು.

ಆದರೆ ಅದೇ ಬೀಗವು ಮಿದುಳಿನಲ್ಲಿಯೂ ಇದೆ. ಅಲ್ಲಿ ಹಿಸ್ಟಮಿನ್ ಮಾಡುವ ಕೆಲಸ ಬೇರೆ. ಮಿದುಳಿನ ತಳಭಾಗದ ಹೈಪೊಥಲಮಸಿನಲ್ಲಿ ಹಿಸ್ಟಮಿನನ್ನು ತಯಾರಿಸುವ ನರಕೋಶಗಳ ಒಂದು ಪುಟ್ಟ ಗುಂಪಿದೆ. ಮಿದುಳಿನಲ್ಲಿರುವ ಸುಮಾರು ೮,೬೦೦ ಕೋಟಿ ನರಕೋಶಗಳಲ್ಲಿ ಇವುಗಳ ಸಂಖ್ಯೆ ಒಂದು ಲಕ್ಷವನ್ನೂ ಮುಟ್ಟದು. ಆದರೂ ಇವುಗಳ ತಂತುಗಳು ಮಿದುಳಿನ ಎಲ್ಲ ಭಾಗಗಳಿಗೂ ಹರಡಿಕೊಂಡು ಅದನ್ನು ಎಚ್ಚರವಾಗಿಡುವುವು. ಊರಿನ ಕಾವಲುಗಾರನ ಲಾಂದ್ರವನ್ನು ಆರಿಸಿದರೆ ಊರು ನಿದ್ರಿಸುವಂತೆ, ಈ ಬೀಗಗಳನ್ನು ಮುಚ್ಚಿದರೆ ಮಿದುಳು ಮಂಪರಿಗೆ ಜಾರುವುದು. ನೆಗಡಿಯ ಗುಳಿಗೆ ನಿದ್ದೆಯನ್ನು ತರುವುದರ ಗುಟ್ಟು ಇದು.

೨. ಒಂದು ಮನೆತನದ ಕಥೆ

ಹಿಸ್ಟಮಿನ್‌ವಿರೋಧಿ ಗುಣವುಳ್ಳ ಮೊದಲ ವಸ್ತುವನ್ನು ೧೯೩೭ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್-ಮೇರಿ ಸ್ಟಾಬ್ ತೋರಿಸಿಕೊಟ್ಟರು. ಅದು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. ಆದರೆ ದಾರಿ ತೆರೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಫೆನಿರಮಿನ್ ಮುಂತಾದ ಅನೇಕ ಔಷಧಗಳು ಹುಟ್ಟಿದುವು. ಬೋವೆಗೆ ೧೯೫೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿಂದ ಮುಂದಕ್ಕೆ ಈ ಮನೆತನ ಆಶ್ಚರ್ಯಕರವಾಗಿ ಕವಲೊಡೆಯಿತು. ಫ್ರಾನ್ಸಿನ ಶಸ್ತ್ರವೈದ್ಯ ಆನ್ರಿ ಲಾಬೊರಿ ತನ್ನ ರೋಗಿಗಳಿಗೆ ಪ್ರೊಮೆಥಜಿನ್ ಕೊಟ್ಟಾಗ ಅವರಲ್ಲಿ ವಿಚಿತ್ರವಾದ ಒಂದು ನಿಶ್ಚಿಂತೆಯನ್ನು ಕಂಡನು. ಅದೇ ವರ್ಗದ ಇನ್ನೊಂದು ವಸ್ತು ಬೇಕೆಂದು ಅರಸುತ್ತಿದ್ದಾಗ ೧೯೫೦ರ ಡಿಸೆಂಬರಿನಲ್ಲಿ ಪಾಲ್ ಶಾರ್ಪಾಂತಿಯೆ ಎಂಬ ರಸಾಯನಶಾಸ್ತ್ರಜ್ಞನ ಕೈಯಲ್ಲಿ ಕ್ಲೋರ್‌ಪ್ರೊಮಜಿನ್ ಸಿದ್ಧವಾಯಿತು. ೧೯೫೨ರಲ್ಲಿ ಡಿಲೇ ಮತ್ತು ಡೆನಿಕೇರ್ ಎಂಬ ವೈದ್ಯರು ಉನ್ಮಾದದ ಚಿಕಿತ್ಸೆಯಲ್ಲಿ ಇದರ ಉಪಯೋಗವನ್ನು ಸಿದ್ಧಪಡಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕೆ ಹತ್ತಿರದ ರಚನೆಯುಳ್ಳ ಇಮಿಪ್ರಮಿನ್ ಎಂಬುದನ್ನು ರೋಲಾಂಡ್ ಕೂನ್ ಎಂಬ ವೈದ್ಯನು ಪರೀಕ್ಷಿಸಿದನು. ಅದು ಉನ್ಮಾದವನ್ನು ಶಮನಮಾಡಲಿಲ್ಲ. ಖಿನ್ನರಾದವರನ್ನು ಮಾತ್ರ ಮೇಲೆತ್ತಿತು. ಅವನ ವರದಿ ೧೯೫೭ರಲ್ಲಿ ಪ್ರಕಟವಾಯಿತು. ಖಿನ್ನತೆಗೆಂದು ಬಳಕೆಗೆ ಬಂದ ಮೊದಲ ಔಷಧಗಳಲ್ಲಿ ಇದು ಒಂದು. ಇದರ ಮೂಲವಸ್ತುಗಳನ್ನು ತಯಾರಿಸಿದ್ದು ಹಿಸ್ಟಮಿನ್‌ವಿರೋಧಿಗಳ ಶೋಧನೆಯಲ್ಲಿಯೇ.

ಈ ಕಥೆಗೆ ನಮ್ಮ ನೆಲದ ಒಂದು ಬೇರೂ ಸೇರಿದೆ. ಪಶ್ಚಿಮಘಟ್ಟದ ತಪ್ಪಲಿನ ತೇವದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರಿನ ಬಗ್ಗೆ ೧೯೩೧ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. ರಕ್ತದೊತ್ತಡದಲ್ಲಿ ಅದರ ಪ್ರಯೋಜನವನ್ನು ೧೯೪೯ರಲ್ಲಿ ಮುಂಬಯಿಯ ರುಸ್ತುಮ್ ಜಾಲ್ ವಕೀಲ್ ಲೋಕಕ್ಕೆ ಸಾರಿದರು. ಅದರಿಂದ ೧೯೫೨ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ಎಂಬ ವಸ್ತುವು ಮಿದುಳಿನಲ್ಲಿ ಸಂಗ್ರಹವಾದ ಸಿರೊಟೋನಿನ್ ಎಂಬ ದೂತವಸ್ತುವನ್ನು ಬರಿದುಮಾಡುವುದೆಂದು ೧೯೫೫ರಲ್ಲಿ ಅಮೆರಿಕೆಯ ಬ್ರೋಡಿಯ ಪ್ರಯೋಗಶಾಲೆಯಲ್ಲಿ ತಿಳಿದುಬಂದಿತು. ಮನಸ್ಸಿನ ಏರಿಳಿತಕ್ಕೂ ಇಂತಹ ದೂತವಸ್ತುಗಳಿಗೂ ಸಂಬಂಧವಿರಬಹುದೆಂಬ ವಿಚಾರ ಬಲಗೊಂಡದ್ದು ಹೀಗೆ.

ಆ ಪ್ರಯೋಗಶಾಲೆಯಲ್ಲಿ ಕೆಲಸ ಕಲಿತು ಹೋದವನು ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್. ಮುಂದೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಈತನು ೧೯೬೯ರಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ಪ್ರಕಟಿಸಿದನು. ನರಕೋಶವು ಹೊರಬಿಟ್ಟ ಸಿರೊಟೋನಿನನ್ನು ಹಿಂದಕ್ಕೆ ಎಳೆದುಕೊಳ್ಳುವ ಒಂದು ಪಂಪು ಅದರ ಪೊರೆಯಲ್ಲಿದೆ. ಕ್ಲೋರ್‌ಫೆನಿರಮಿನ್, ಬ್ರೋಮ್‌ಫೆನಿರಮಿನ್ ಎಂಬ ನೆಗಡಿಯ ಔಷಧಗಳು ಈ ಪಂಪನ್ನು ತಡೆಯುವುವು! ಈ ಸುಳಿವಿನಿಂದ ಹೊರಟು ಬ್ರೋಮ್‌ಫೆನಿರಮಿನ್ನಿನ ಅಣುವನ್ನು ಮಾರ್ಪಡಿಸಿ ಜಿಮೆಲಿಡಿನ್ ಎಂಬ ಖಿನ್ನತೆಯ ಔಷಧವನ್ನು ಮಾಡಲಾಯಿತು. ಅದೇ ಕಾಲದಲ್ಲಿ ಅಮೆರಿಕೆಯ ಇಲೈ ಲಿಲ್ಲಿ ಸಂಸ್ಥೆಯಲ್ಲಿ ಮಲಾಯ್, ಫುಲ್ಲರ್, ವಾಂಗ್ ಎಂಬವರು ಇನ್ನೊಂದು ನೆಗಡಿಯ ಔಷಧವಾದ ಡೈಫೆನ್‌ಹೈಡ್ರಮಿನ್ನಿನಿಂದ ಹೊರಟು ಫ್ಲುಆಕ್ಸೆಟಿನ್ ಎಂಬುದನ್ನು ಮುಟ್ಟಿದರು. ಇದರ ಮೊದಲ ವರದಿ ೧೯೭೪ರಲ್ಲಿ ಬಂದಿತು; ೧೯೮೭ರ ಕೊನೆಗೆ ಅಮೆರಿಕೆಯಲ್ಲಿ ಅನುಮತಿ ದೊರೆಯಿತು; ಪ್ರೋಜ್ಯಾಕ್ ಎಂಬ ಹೆಸರಿನಿಂದ ಅದು ಜಗತ್ಪ್ರಸಿದ್ಧವಾಯಿತು.

ಆದುದರಿಂದ ಖಿನ್ನತೆಯ ಔಷಧಗಳೂ ನೆಗಡಿಯ ಔಷಧಗಳೂ ದಾಯಾದಿಗಳೆಂಬುದು ಸತ್ಯ. ಕ್ಲೋರ್‌ಫೆನಿರಮಿನ್ ಪ್ರೋಜ್ಯಾಕಿನಂತೆಯೇ ಸಿರೊಟೋನಿನ್ ಪಂಪನ್ನು ತಡೆಯುವುದೆಂಬುದೂ ಸತ್ಯ. ಇದನ್ನೇ ಹಿಡಿದು ೨೦೦೬ರಲ್ಲಿ ‘ಮೆಡಿಕಲ್ ಹೈಪಾಥಿಸೀಸ್’ ಎಂಬ ಪತ್ರಿಕೆಯಲ್ಲಿ ಐನಾರ್ ಹೆಲ್ಬಮ್ ಎಂಬವರು, ಚೀಟಿಯಿಲ್ಲದೆ ಸಿಗುವ ಕ್ಲೋರ್‌ಫೆನಿರಮಿನ್ ಖಿನ್ನತೆಗೂ ಅಂಜಿಕೆಗೂ ಉಪಯುಕ್ತವಾಗಬಹುದೆಂಬ ವಾದವನ್ನು ಮಂಡಿಸಿದರು. ಪತ್ರಿಕೆಯ ಹೆಸರನ್ನು ವಾಚಕರು ಗಮನಿಸಬೇಕು. ಅದು ಊಹೆಗಳನ್ನು ಪ್ರಕಟಿಸುವುದಕ್ಕಾಗಿ ಸ್ಥಾಪಿತವಾದದ್ದು. ಊಹೆಯು ವಿಜ್ಞಾನದ ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ.

೩. ಬೀಗ-ಕೀಲಿಕೈಗಳ ಗಣಿತ

ಈಗ ಊಹೆಯನ್ನು ಲೆಕ್ಕದ ತಕ್ಕಡಿಯಲ್ಲಿ ಇಟ್ಟು ನೋಡೋಣ. ಔಷಧದ ಅಣುಗಳು ಬೀಗಕ್ಕೆ ಅಂಟುವುದೂ ಉಂಟು, ಬಿಟ್ಟುಹೋಗುವುದೂ ಉಂಟು. ಈ ಎರಡು ಕ್ರಿಯೆಗಳ ವೇಗಗಳು ಸಮವಾದಾಗ ಸಮತೋಲ ಏರ್ಪಡುವುದು. ಆಗ ಒಟ್ಟು ಬೀಗಗಳಲ್ಲಿ ಎಷ್ಟು ಅಂಶ ತುಂಬಿರುತ್ತದೆ ಎಂಬುದಕ್ಕೆ ಒಂದು ಸರಳವಾದ ಸೂತ್ರವಿದೆ:

ತುಂಬಿದ ಅಂಶ = ಸಾ ÷ (ಸಾ + ಕ)

ಇಲ್ಲಿ ‘ಸಾ’ ಎಂದರೆ ಬೀಗದ ಸುತ್ತ ಇರುವ ಔಷಧದ ಸಾಂದ್ರತೆ. ‘ಕ’ ಎಂದರೆ ಆ ಔಷಧಕ್ಕೂ ಆ ಬೀಗಕ್ಕೂ ಮೀಸಲಾದ ಒಂದು ನಿಯತಾಂಕ. ಸಾ = ಕ ಆದಾಗ ಅಂಶ ೧/೨ ಆಗುವುದಷ್ಟೆ. ಆದುದರಿಂದ ಅರ್ಧದಷ್ಟು ಬೀಗಗಳನ್ನು ತುಂಬಲು ಬೇಕಾದ ಸಾಂದ್ರತೆಯೇ ‘ಕ’. ‘ಕ’ ಚಿಕ್ಕದಾದಷ್ಟೂ ಔಷಧದ ಹಿಡಿತ ಬಿಗಿ.

ಕ್ಲೋರ್‌ಫೆನಿರಮಿನ್ನಿನ ಬೆಲೆಗಳನ್ನು ಪ್ರಯೋಗಶಾಲೆಗಳಲ್ಲಿ ಅಳೆದಿದ್ದಾರೆ. ಒಂದು ಅಳತೆಗೂ ಇನ್ನೊಂದಕ್ಕೂ ತುಸು ವ್ಯತ್ಯಾಸವಿದೆ; ಸ್ಥೂಲವಾಗಿ ಎಚ್-೧ ಬೀಗಕ್ಕೆ ಕ = ೩, ಸಿರೊಟೋನಿನ್ ಪಂಪಿಗೆ ಕ = ೧೫ ಎಂದು ಇಟ್ಟುಕೊಳ್ಳಬಹುದು. ಮಾನ ನ್ಯಾನೋಮೋಲಾರ್. ಇನ್ನು ಬೇರೆ ಬೇರೆ ಸಾಂದ್ರತೆಗಳಲ್ಲಿ ಏನಾಗುವುದೆಂದು ನೋಡಿರಿ.

ಸಾಂದ್ರತೆ ೩ ಆದಾಗ: ಎಚ್-೧ ಬೀಗಗಳು ಶೇಕಡಾ ೫೦, ಪಂಪುಗಳು ಶೇಕಡಾ ೧೭.
ಸಾಂದ್ರತೆ ೧೫ ಆದಾಗ: ಎಚ್-೧ ಬೀಗಗಳು ಶೇಕಡಾ ೮೩, ಪಂಪುಗಳು ಶೇಕಡಾ ೫೦.
ಸಾಂದ್ರತೆ ೬೦ ಆದಾಗ: ಎಚ್-೧ ಬೀಗಗಳು ಶೇಕಡಾ ೯೫, ಪಂಪುಗಳು ಶೇಕಡಾ ೮೦.

ಖಿನ್ನತೆಗೆ ವೈದ್ಯರು ಕೊಡುವ ಪಂಪುತಡೆಯ ಔಷಧಗಳು ಸಾಮಾನ್ಯ ಪ್ರಮಾಣದಲ್ಲಿ ಮಿದುಳಿನ ಪಂಪುಗಳಲ್ಲಿ ಸುಮಾರು ಶೇಕಡಾ ೮೦ನ್ನು ಆವರಿಸುವುವೆಂದು ಮಿದುಳಿನ ಚಿತ್ರಣದಿಂದ ತಿಳಿದಿದೆ. ನೆಗಡಿಯ ಗುಳಿಗೆಯಿಂದ ಆ ಮಟ್ಟವನ್ನು ಮುಟ್ಟಬೇಕಾದರೆ ಎಚ್ಚರದ ಬೀಗಗಳೆಲ್ಲವೂ ಬಹುಮಟ್ಟಿಗೆ ಮುಚ್ಚಿಹೋಗಬೇಕು. ಗುಳಿಗೆಯ ಪ್ರಮಾಣವನ್ನು ಹೇಗೆ ಬದಲಾಯಿಸಿದರೂ ಈ ಅನುಕ್ರಮ ಬದಲಾಗದು: ಮೊದಲು ತುಂಬುವುದು ನಿದ್ದೆಯ ಬೀಗ, ಅನಂತರ ಪಂಪು. ಸೂತ್ರದಲ್ಲಿ ರಾಜಿಗೆ ಎಡೆಯಿಲ್ಲ.

ಫ್ಲುಆಕ್ಸೆಟಿನ್ನಿನ ಲೆಕ್ಕವನ್ನೂ ಇದರೊಡನೆ ಹೋಲಿಸಿರಿ. ಪಂಪಿಗೆ ಅದರ ‘ಕ’ ಸುಮಾರು ೧. ಎಚ್-೧ ಬೀಗಕ್ಕೆ ಸಾವಿರಕ್ಕೂ ಮೇಲು. ಸಾಂದ್ರತೆ ೪ ಆದಾಗ ಪಂಪುಗಳು ಶೇಕಡಾ ೮೦ ತುಂಬುವುವು. ಎಚ್-೧ ಬೀಗಗಳು ಶೇಕಡಾ ಅರ್ಧವೂ ತುಂಬವು. ರಸಾಯನಶಾಸ್ತ್ರಜ್ಞರು ಹಲವು ವರ್ಷ ದುಡಿದು ಹಳೆಯ ಅಣುವಿನಿಂದ ಬೇರ್ಪಡಿಸಿದ್ದು ಈ ಎರಡು ಗುಣಗಳನ್ನೇ. ಹಳೆಯ ಅಣುವಿಗೆ ಹಿಂದಿರುಗುವುದೆಂದರೆ ಆ ದುಡಿಮೆಯನ್ನು ನೀರಿಗೆ ಹಾಕಿದಂತೆ.

ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಮುಂತಾದ ಹೊಸ ಹಿಸ್ಟಮಿನ್‌ವಿರೋಧಿಗಳ ಸಂಗತಿ ಇನ್ನೂ ಸರಳ. ಅವು ರಕ್ತದಿಂದ ಮಿದುಳಿಗೆ ಹೋಗುವುದು ಅತ್ಯಲ್ಪ. ಅಷ್ಟಿಷ್ಟು ಹೊಕ್ಕ ಅಣುಗಳನ್ನೂ ಮಿದುಳಿನ ರಕ್ತನಾಳಗಳ ಗೋಡೆ ಹೊರದೂಡುವುದು. ಮಿದುಳನ್ನು ಮುಟ್ಟದ ವಸ್ತುವಿನಿಂದ ಮಿದುಳಿಗೆ ಲಾಭವನ್ನು ನಿರೀಕ್ಷಿಸುವುದು ವ್ಯರ್ಥ.

೪. ದೇಹದಲ್ಲಿ ಉಳಿಯುವ ಬಾಕಿ

ಭೌತಶಾಸ್ತ್ರದ ವಿದ್ಯಾರ್ಥಿಗಳು ವಿಕಿರಣಶೀಲ ವಸ್ತುಗಳ ಅರ್ಧಾಯುಷ್ಯವನ್ನು ಬಲ್ಲರು. ಔಷಧಗಳಿಗೂ ಅದೇ ನಿಯಮ ಅನ್ವಯಿಸುವುದು. ವಯಸ್ಕರಲ್ಲಿ ಕ್ಲೋರ್‌ಫೆನಿರಮಿನ್ನಿನ ಅರ್ಧಾಯುಷ್ಯ ಸುಮಾರು ೨೦ ಗಂಟೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಬಹಳ ಬದಲಾಗುವುದು. ಒಂದು ಗುಳಿಗೆಯನ್ನು ನುಂಗಿ ೨೪ ಗಂಟೆ ಕಳೆದರೂ ಅದರಲ್ಲಿ ಶೇಕಡಾ ೪೪ರಷ್ಟು ದೇಹದಲ್ಲಿಯೇ ಉಳಿದಿರುವುದು. ಅದರ ಮೇಲೆ ಇನ್ನೊಂದನ್ನು ನುಂಗಿದರೆ ಹಳೆಯ ಬಾಕಿಯೊಡನೆ ಹೊಸತು ಸೇರುವುದು. ಗುಣೋತ್ತರ ಶ್ರೇಢಿಯ ಮೊತ್ತವನ್ನು ಮಾಡಿದರೆ, ದಿನಕ್ಕೊಂದರಂತೆ ನುಂಗುವವನ ದೇಹದಲ್ಲಿ ವಾರದೊಳಗೆ ಒಂದೂಮುಕ್ಕಾಲು ಗುಳಿಗೆಯಷ್ಟು ಸಂಗ್ರಹವಾಗುವುದು. ಎಂಟು ಗಂಟೆಗೊಮ್ಮೆ ನುಂಗಿದರೆ ಸಂಗ್ರಹ ನಾಲ್ಕು ಗುಳಿಗೆಗಳನ್ನು ದಾಟುವುದು.

ನೆಗಡಿಗೆಂದು ಎರಡು ಮೂರು ದಿನ ತೆಗೆದುಕೊಳ್ಳುವವನಿಗೆ ಈ ಬಾಕಿ ಅಷ್ಟಾಗಿ ಬಾಧಿಸದು. ಆದರೆ ಖಿನ್ನತೆ ಮೂರು ದಿನದ ಕಾಯಿಲೆಯಲ್ಲ. ಅದರ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದುವರಿಸಬೇಕಾಗುವುದು. ನೆಗಡಿಯ ಗುಳಿಗೆಯನ್ನು ಅಷ್ಟು ಕಾಲ ಎಡೆಬಿಡದೆ ನುಂಗಲೆಂದು ಯಾರೂ ರೂಪಿಸಿಲ್ಲ, ಪರೀಕ್ಷಿಸಿಯೂ ಇಲ್ಲ.

೫. ನಿದ್ದೆ ಬೇರೆ, ನೆಮ್ಮದಿ ಬೇರೆ

‘ಹಾಗಾದರೆ ಗುಳಿಗೆಯನ್ನು ನುಂಗಿದವರಿಗೆ ಹಾಯೆನಿಸುವುದು ಏಕೆ?’ ಎಂದು ಕೇಳಬಹುದು. ಖಿನ್ನತೆಯುಳ್ಳವರಲ್ಲಿ ಬಹುಮಂದಿಗೆ ನಿದ್ದೆ ಕೆಟ್ಟಿರುವುದು. ಹಲವು ರಾತ್ರಿ ಕಣ್ಣುಮುಚ್ಚದವನು ಒಂದು ರಾತ್ರಿ ನಿದ್ರಿಸಿದರೆ ಮರುದಿನ ಲೋಕವೇ ಬೆಳಕಾಗಿ ಕಾಣುವುದು ಸಹಜ. ಅವನು ಅದನ್ನು ಖಿನ್ನತೆಯ ಶಮನವೆಂದು ಬಗೆಯುವನು. ಆದರೆ ಈ ಮಂಪರಿಗೆ ದೇಹ ಬೇಗ ಒಗ್ಗಿಕೊಳ್ಳುವುದು. ಡೈಫೆನ್‌ಹೈಡ್ರಮಿನನ್ನು ಪ್ರತಿದಿನ ಕೊಟ್ಟು ಪರೀಕ್ಷಿಸಿದಾಗ ಮೂರು ನಾಲ್ಕು ದಿನಗಳಲ್ಲಿಯೇ ಅದರ ನಿದ್ರಾಕಾರಕ ಗುಣ ಕುಂದಿದುದು ಕಂಡುಬಂದಿದೆ. ಆಗ ಪ್ರಮಾಣವನ್ನು ಏರಿಸುವ ಆಸೆ ಹುಟ್ಟುವುದು. ಅಪಾಯ ಪ್ರಾರಂಭವಾಗುವುದು ಅಲ್ಲಿಯೇ.

ನಿಜವಾದ ಖಿನ್ನತೆಯ ಔಷಧದ ನಡೆ ಇದಕ್ಕೆ ವಿರುದ್ಧ. ಅದು ಪಂಪನ್ನು ತಡೆಯುವುದು ಕೆಲವೇ ಗಂಟೆಗಳಲ್ಲಿ. ಮನಸ್ಸು ಹಗುರಾಗುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಮೇಲೆ. ಈ ವಿಳಂಬವೇ ಒಂದು ಪಾಠ. ಸಿರೊಟೋನಿನ್ನಿನ ಕೊರತೆಯೇ ಖಿನ್ನತೆ, ಅದನ್ನು ತುಂಬಿದರೆ ವಾಸಿ ಎಂಬ ವಿವರಣೆ ತೀರ ಸರಳವಾದದ್ದು. ೨೦೨೨ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ವಿಮರ್ಶೆಯು ಆ ಕೊರತೆಗೆ ಖಚಿತವಾದ ಆಧಾರವಿಲ್ಲವೆಂದು ತಿಳಿಸಿತು. ಹಾಗೆಂದು ಔಷಧಗಳು ನಿರರ್ಥಕವೆಂದಲ್ಲ. ಔಷಧ ಫಲಿಸುವುದೇ ಎಂಬ ಪ್ರಶ್ನೆ ಬೇರೆ, ಏಕೆ ಫಲಿಸುವುದು ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ೨೦೧೮ರಲ್ಲಿ ೫೨೨ ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪರಿಶೀಲಿಸಿದ ೨೧ ಖಿನ್ನತೆಯ ಔಷಧಗಳೂ ಬರಿಯ ಹುಸಿಗುಳಿಗೆಗಿಂತ ಮೇಲಾದುವೆಂದು ತೋರಿತು. ಲಾಭ ಎಲ್ಲರಿಗೂ ಒಂದೇ ಸಮನಲ್ಲ. ಆದರೆ ಅಳೆದು ತಿಳಿದ ಲಾಭ ಅದು. ಆ ೨೧ರ ಪಟ್ಟಿಯಲ್ಲಿ ಕ್ಲೋರ್‌ಫೆನಿರಮಿನ್ ಇಲ್ಲ.

೬. ಒಂದು ಕೀಲಿಕೈ, ಹಲವು ಬೀಗ

ಹಳೆಯ ಹಿಸ್ಟಮಿನ್‌ವಿರೋಧಿಗಳು ಇನ್ನೊಂದು ಬೀಗವನ್ನೂ ಮುಚ್ಚುವುವು. ಅದು ಅಸೆಟೈಲ್‌ಕೋಲಿನ್ ಎಂಬ ದೂತನ ಬೀಗ. ಇದು ಮುಚ್ಚಿದರೆ ಬಾಯಿ ಒಣಗುವುದು, ಮಲಬದ್ಧತೆ ಉಂಟಾಗುವುದು, ದೃಷ್ಟಿ ಮಸುಕಾಗುವುದು; ವೃದ್ಧರಲ್ಲಿ ಮೂತ್ರ ಕಟ್ಟುವುದು, ದಿಕ್ಕುತೋಚದ ಭ್ರಮೆಯೂ ಉಂಟಾಗಬಹುದು. ಕಣ್ಣಿನೊಳಗಿನ ಒತ್ತಡ ಹೆಚ್ಚಾದವರಿಗೆ ಇದು ಹಾನಿಕರ. ನೆನಪಿನ ಶಕ್ತಿಗೂ ಅಸೆಟೈಲ್‌ಕೋಲಿನ್ನಿಗೂ ನಂಟಿದೆ. ೨೦೧೫ರಲ್ಲಿ ಅಮೆರಿಕೆಯ ಸಿಯಾಟಲ್ ಪ್ರದೇಶದಲ್ಲಿ ೬೫ ವರ್ಷ ದಾಟಿದ ೩,೪೩೪ ಮಂದಿಯನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ಇಂತಹ ಔಷಧಗಳನ್ನು ದೀರ್ಘಕಾಲ ಹೆಚ್ಚಾಗಿ ಸೇವಿಸಿದವರಲ್ಲಿ ಮರೆಗುಳಿ ರೋಗ ಅಧಿಕವಾಗಿ ಕಂಡಿತು. ಕಾರಣ ಅದೇ ಎಂದು ಇದರಿಂದ ಸಿದ್ಧವಾಗದು. ಎಚ್ಚರಿಕೆಗೆ ಮಾತ್ರ ಇಷ್ಟು ಸಾಕು.

ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಈ ಮಾತು ವಿಶೇಷವಾಗಿ ಸಲ್ಲುವುದು. ಎಚ್ಚರವನ್ನೂ ನೆನಪನ್ನೂ ಮಸುಕುಮಾಡುವ ಗುಳಿಗೆಯನ್ನು ಮನಸ್ಸು ಚುರುಕಾಗಲೆಂದು ನುಂಗುವುದು ವಿಪರ್ಯಾಸ. ಸಂಪಾಜೆಯ ಘಟ್ಟದ ರಸ್ತೆಯಲ್ಲಿ ವಾಹನ ನಡೆಸುವವನ ವಿಷಯವನ್ನಂತೂ ಹೇಳಬೇಕಾದ್ದಿಲ್ಲ. ಮಂಜು ಮುಸುಕಿದ ತಿರುವಿನಲ್ಲಿ ಅರೆನಿಮಿಷದ ಮಂಪರು ಸಾಕು. ಮದ್ಯ ಸೇರಿದರೆ ಮಂಪರು ಇಮ್ಮಡಿಸುವುದು.

ಪ್ರಮಾಣ ಮೀರಿದರೆ ಈ ಔಷಧಗಳು ಸೆಳವನ್ನೂ ಹೃದಯದ ಬಡಿತದ ಅವ್ಯವಸ್ಥೆಯನ್ನೂ ಉಂಟುಮಾಡಬಲ್ಲುವು. ಇನ್ನೊಂದು ಮರೆಯಾದ ಅಪಾಯವಿದೆ. ಅಂಗಡಿಯಲ್ಲಿ ನೆಗಡಿಗೆಂದು ಸಿಗುವ ಗುಳಿಗೆಗಳಲ್ಲಿ ಹಲವು ಮಿಶ್ರಣಗಳು. ಅವುಗಳಲ್ಲಿ ಪ್ಯಾರಾಸಿಟಮಾಲ್, ಫೆನೈಲೆಫ್ರಿನ್ ಮುಂತಾದುವು ಸೇರಿರುವುವು. ಮಿಶ್ರಣದ ಗುಳಿಗೆಗಳ ಸಂಖ್ಯೆಯನ್ನು ಏರಿಸಿದವನು ತಿಳಿಯದೆಯೇ ಪ್ಯಾರಾಸಿಟಮಾಲನ್ನೂ ಏರಿಸಿ ಪಿತ್ತಜನಕಾಂಗವನ್ನು ಕೆಡಿಸಿಕೊಳ್ಳುವನು. ಈಗಾಗಲೇ ಖಿನ್ನತೆಯ ಔಷಧವನ್ನು ಸೇವಿಸುತ್ತಿರುವವನು ಅದನ್ನು ನಿಲ್ಲಿಸಿ ಇದಕ್ಕೆ ಬದಲಾಯಿಸುವುದೂ, ಅದರೊಡನೆ ಇದನ್ನು ಸೇರಿಸುವುದೂ ವೈದ್ಯರಿಗೆ ತಿಳಿಸದೆ ಮಾಡತಕ್ಕ ಕೆಲಸಗಳಲ್ಲ.

ಮೇಲೆ ಹೇಳಿದ ಜಿಮೆಲಿಡಿನ್ನಿನ ಗತಿಯನ್ನೂ ಇಲ್ಲಿ ನೆನೆಯಬೇಕು. ೧೯೮೨ರಲ್ಲಿ ಯೂರೋಪಿನ ಪೇಟೆಗೆ ಬಂದ ಆ ಔಷಧವು ಕೆಲವರಲ್ಲಿ ಗಿಲ್ಯಾನ್-ಬರ್ರೆ ಎಂಬ ನರಗಳ ಪಾರ್ಶ್ವವಾಯುವಿಗೆ ಎಡೆಗೊಟ್ಟಿತೆಂದು ೧೯೮೩ರಲ್ಲಿಯೇ ಹಿಂದಕ್ಕೆ ತೆಗೆಯಲ್ಪಟ್ಟಿತು. ಪ್ರಸಿದ್ಧ ವಿಜ್ಞಾನಿಯ ಸೊಗಸಾದ ತರ್ಕದಿಂದ ಹುಟ್ಟಿದ ಅಣುವೂ ಮನುಷ್ಯದೇಹದಲ್ಲಿ ಅನಿರೀಕ್ಷಿತವಾಗಿ ವರ್ತಿಸಬಹುದು. ಇದು ಪತ್ತೆಯಾದದ್ದು, ಔಷಧ ತೆಗೆದುಕೊಂಡವರನ್ನು ವೈದ್ಯರು ಕಣ್ಣಿಟ್ಟು ನೋಡುತ್ತಿದ್ದುದರಿಂದ. ಯಾರಿಗೂ ಹೇಳದೆ ನುಂಗುವವನನ್ನು ನೋಡುವವರು ಯಾರು?

೭. ಆಟಿಯ ತೊಗಟೆಯ ಪಾಠ

ಈ ಸೀಮೆಯ ಜನರಿಗೆ ಇದೇ ತತ್ತ್ವವನ್ನು ತಿಳಿಸಲು ಪರದೇಶದ ಉದಾಹರಣೆ ಬೇಕಿಲ್ಲ. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮುನ್ನ ಹಾಲೆಮರದ ತೊಗಟೆಯನ್ನು ತಂದು ಕಷಾಯ ಮಾಡಿ ಕುಡಿಯುವ ರೂಢಿ ತುಳುನಾಡಿನಲ್ಲಿದೆ. ಹಿರಿಯರು ಮರವನ್ನು ಹಿಂದಿನ ದಿನವೇ ನೋಡಿ ಗುರುತು ಮಾಡಿಕೊಳ್ಳುವರು. ಕತ್ತಲಲ್ಲಿ ತಪ್ಪಿ ಕಾಸರಕದ ಮರದ ತೊಗಟೆ ಬಂದರೆ ಪ್ರಾಣಕ್ಕೇ ಸಂಚಕಾರ. ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷದ ಬಳಗವಿದೆ. ಎರಡೂ ತೊಗಟೆ, ಎರಡೂ ಕಹಿ. ಆದರೆ ರೂಪಸಾಮ್ಯ ಗುಣಸಾಮ್ಯವಲ್ಲ. ಅಣುಗಳ ಲೋಕದಲ್ಲಿಯೂ ಹೀಗೆಯೇ: ಎರಡು ಅಣುಗಳು ದಾಯಾದಿಗಳಾದ ಮಾತ್ರಕ್ಕೆ ಒಂದರ ಕೆಲಸವನ್ನು ಇನ್ನೊಂದು ಮಾಡದು.

ನೆಗಡಿಯ ಔಷಧಗಳ ಕುಲದವು ಮನಸ್ಸಿನ ಚಿಕಿತ್ಸೆಯಲ್ಲಿ ಇಲ್ಲವೇ ಇಲ್ಲವೆಂದು ಇದರ ಅರ್ಥವಲ್ಲ. ಅಂಜಿಕೆಯನ್ನು ತಗ್ಗಿಸಲು ಹೈಡ್ರಾಕ್ಸಿಜಿನ್ ಎಂಬ ಹಿಸ್ಟಮಿನ್‌ವಿರೋಧಿಯನ್ನು ವೈದ್ಯರು ಕೊಡುವುದುಂಟು. ಖಿನ್ನತೆಯ ಔಷಧಗಳಾದ ಡಾಕ್ಸೆಪಿನ್, ಮಿರ್ಟಜಪಿನ್‌ಗಳು ಎಚ್-೧ ಬೀಗವನ್ನು ಬಲವಾಗಿ ಹಿಡಿಯುವುವು. ನಿದ್ದೆಗೆಟ್ಟ ರೋಗಿಗೆ ಈ ಗುಣವೇ ಉಪಕಾರವಾಗುವುದುಂಟು. ಮರವನ್ನು ಹಗಲಿನಲ್ಲಿ ಗುರುತಿಸಿದವರ ಕೈಯಿಂದ ತೊಗಟೆಯನ್ನು ಪಡೆಯುವುದು ಎಂದರೆ ಇದೇ.

೮. ಚೀಟಿ ಏಕೆ, ಎಲ್ಲಿ?

ನಮ್ಮ ದೇಶದ ೧೯೪೫ರ ಔಷಧನಿಯಮಗಳಲ್ಲಿ ಖಿನ್ನತೆಯ ಔಷಧಗಳು ‘ಎಚ್’ ಅನುಸೂಚಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಹಿಸ್ಟಮಿನ್‌ವಿರೋಧಿಗಳು ‘ಜಿ’ ಅನುಸೂಚಿಯಲ್ಲಿವೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸುವುದು ಅಪಾಯವೆಂಬ ಎಚ್ಚರಿಕೆ ಅವುಗಳ ಪೊಟ್ಟಣದ ಮೇಲಿರಬೇಕು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದು ನಿರಪಾಯವೆಂಬುದಕ್ಕೆ ಪ್ರಮಾಣವಲ್ಲ.

ಚೀಟಿ ಎಂಬುದು ಕೇವಲ ಒಂದು ತುಂಡು ಕಾಗದವಲ್ಲ. ಅದನ್ನು ಬರೆಯುವ ಮುನ್ನ ವೈದ್ಯನು ಹಲವು ವಿಷಯಗಳನ್ನು ವಿಚಾರಿಸುವನು. ಮಂಕು ಕವಿದು ಎರಡು ವಾರ ದಾಟಿತೇ? ಥೈರಾಯಿಡ್ ಗ್ರಂಥಿಯ ಕೊರತೆಯೋ ರಕ್ತಹೀನತೆಯೋ ಈ ವೇಷದಲ್ಲಿ ಬಂದಿದೆಯೇ? ಹಿಂದೆ ಅತಿ ಉತ್ಸಾಹದ ಕಾಲವೂ ಇತ್ತೇ? ಬದುಕು ಬೇಡವೆಂಬ ಯೋಚನೆ ಬರುತ್ತಿದೆಯೇ? ಇಪ್ಪತ್ತೈದರೊಳಗಿನ ಕೆಲವರಲ್ಲಿ ಖಿನ್ನತೆಯ ಔಷಧವನ್ನು ಆರಂಭಿಸಿದ ಮೊದಲ ವಾರಗಳಲ್ಲಿ ಅಂತಹ ಯೋಚನೆ ಹೆಚ್ಚಾಗಬಹುದಾದ್ದರಿಂದ ಅವರನ್ನು ಹತ್ತಿರದಿಂದ ಗಮನಿಸಬೇಕು. ಅ‍ನೇಕರಿಗೆ ಔಷಧವೇ ಬೇಕಾಗದೆ ಮಾತಿನ ಚಿಕಿತ್ಸೆ ಸಾಕಾಗುವುದೂ ಉಂಟು. ಅಂಗಡಿಯ ಗುಳಿಗೆ ಇವುಗಳಲ್ಲಿ ಒಂದನ್ನೂ ಕೇಳದು.

ಸಂಪಾಜೆಯ ಪರಿಸರ ಇತ್ತೀಚಿನ ವರ್ಷಗಳಲ್ಲಿ ಮನಸ್ಸಿನ ಭಾರವನ್ನು ಚೆನ್ನಾಗಿ ಬಲ್ಲದು. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿಗಳ ಬೆಟ್ಟಗಳು ಕುಸಿದು, ಮನೆಮಠಗಳನ್ನು ಬಿಟ್ಟ ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ೨೦೨೨ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯಗಳ ಸುತ್ತ ನೆಲ ಹಲವು ಸಲ ಲಘುವಾಗಿ ಕಂಪಿಸಿತು. ಮಳೆಯ ಸದ್ದು ಕೇಳಿದರೆ ಎದ್ದು ಕುಳಿತುಕೊಳ್ಳುವವನ ನಿದ್ದೆಯನ್ನು ಗುಳಿಗೆಯಿಂದ ಮುಚ್ಚಬಹುದು. ಅವನ ಭೀತಿಯನ್ನು ಮುಚ್ಚಲಾಗದು. ಅದನ್ನು ಯಾರಾದರೂ ಕೇಳಬೇಕು.

ಕೇಳುವವರು ಇದ್ದಾರೆ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೆಂಬುದನ್ನು ಆ ಸಂಸ್ಥೆ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ೨೦೧೫-೧೬ರಲ್ಲಿ ಅದು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಮನೋವ್ಯಾಧಿಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ವ್ಯಾಧಿಗನುಸಾರವಾಗಿ ಶೇಕಡಾ ೭೦ರಿಂದ ೯೨. ಅಂಗಡಿಯ ಗುಳಿಗೆಯ ಮೋಹ ಹುಟ್ಟುವುದು ಈ ಕಂದರದಲ್ಲಿಯೇ. ಮಡಿಕೇರಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಸುಳ್ಯದ ಆಸ್ಪತ್ರೆಗಳೂ ಸಂಪಾಜೆಗೆ ದೂರವಲ್ಲ. ಪಯಣವೂ ಕಷ್ಟವೆನಿಸುವವರು ೨೦೨೨ರ ಅಕ್ಟೋಬರ್ ೧೦ರಂದು ಪ್ರಾರಂಭವಾದ ‘ಟೆಲಿ-ಮಾನಸ್’ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ, ವೆಚ್ಚವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಮೂಗಿನ ನೆಗಡಿಗೆ ನಾಚಿಕೊಳ್ಳುವವರಿಲ್ಲ. ಮನಸ್ಸಿನ ಕಾರ್ಮೋಡಕ್ಕೂ ನಾಚಬೇಕಾದ್ದಿಲ್ಲ. ನೆಗಡಿಯ ಗುಳಿಗೆ ನೆಗಡಿಗೇ ಇರಲಿ.

ಅಭ್ಯಾಸಕ್ಕೆ

(೧) ಒಂದು ಔಷಧಕ್ಕೆ ಒಂದು ಬೀಗದ ಮೇಲೆ ಕ = ೧೦. ಶೇಕಡಾ ೯೦ರಷ್ಟು ಬೀಗಗಳು ತುಂಬಲು ಸಾಂದ್ರತೆ ಎಷ್ಟಿರಬೇಕು?
(೨) ಅರ್ಧಾಯುಷ್ಯ ೧೨ ಗಂಟೆಯಿರುವ ಔಷಧವನ್ನು ೧೨ ಗಂಟೆಗೊಂದರಂತೆ ಸೇವಿಸಿದರೆ ದೇಹದಲ್ಲಿನ ಸಂಗ್ರಹ ಎಷ್ಟು ಗುಳಿಗೆಗಳ ಮಟ್ಟವನ್ನು ಸಮೀಪಿಸುವುದು?
(೩) ಒಂದು ಔಷಧಕ್ಕೆ ಎರಡು ಬೀಗಗಳ ಮೇಲಿನ ‘ಕ’ ಬೆಲೆಗಳು ಸಮವಾಗಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಮುಚ್ಚುವುದು ಸಾಧ್ಯವೇ?

ಉತ್ತರಗಳು: (೧) ೯೦. (೨) ಎರಡು. (೩) ಸಾಧ್ಯವಿಲ್ಲ, ಎಲ್ಲ ಸಾಂದ್ರತೆಗಳಲ್ಲಿಯೂ ಎರಡೂ ಸಮವಾಗಿಯೇ ತುಂಬುವುವು.